ಪ್ಯಾನೆಲ್ಲಿನ ಮೇಲೆ ಮೂರು ಬೆರಳು ವಿಭೂತಿ

ಭಾವ ಚನ್ನಬಸವಯ್ಯನವರು ರಿಟೈರಾದ ಮೇಲೆ ಎಲ್ಲರ ಹಾಗೆ ಬೆಳಿಗ್ಗೆ ವಾಕಿಂಗ್ ಹೋಗಿ, ಆಮೇಲೆ ಪೇಪರ್ ಓದಿ, ಉಳಿದ ಹೊತ್ತು ನಮ್ಮ ಅಕ್ಕನ ತಲೆ ತಿಂದುಕೊಂಡು ಇದ್ದುಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವರು ಲಾರಿ ಕೊಂಡರು.

ಹೊಸದಲ್ಲ. ಊರ್ಡಿಗೆರೆ ಕಡೆಯಿಂದ ತುಮಕೂರು ಮಾರ್ಕೆಟ್ಟಿಗೆ ತರಕಾರಿ ಹೊತ್ತು ಹೊತ್ತು ಸುಸ್ತಾಗಿದ್ದ ಮಿನಿ ಲಾರಿ. ಅದನ್ನು ಅಲ್ಲೇ ಪಕ್ಕದ ಸತ್ಯಮಂಗಲದಲ್ಲಿ ಬಾಡಿ ಕಟ್ಟುವವರ ಶೆಡ್ಡಿಗೆ ಬಿಟ್ಟು, ಹಿಂಭಾಗವನ್ನು ಪುಟ್ಟ ಮನೆ ಮಾಡಿಸಿದರು. ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಸೊಳ್ಳೆ ಪರದೆ ಬಡಿದ ಕಿಟಕಿ, ಒಂದು ಫ್ಯಾನು. ದೇವರ ಗೂಡು ಬೇರೆ. ಇಷ್ಟೆಲ್ಲ ಯಾಕೆಂದರೆ ಅಕ್ಕ ಕಾಶಿಗೆ ಹೋಗಬೇಕು. ಎರಡು ಸಾವಿರದ ನಾಲ್ಕನೇ ಇಸವಿಯ ಶಿವರಾತ್ರಿಗೆ ಅವಳು ವಿಶ್ವನಾಥನ ಮುಂದೆ ನಿಂತಿರಬೇಕು.

ಅಕ್ಕ ಶಿವರುದ್ರಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಆ ಔಷಧಿ ತಣ್ಣಗಿರಬೇಕು, ಬಿಸಿಯಾದರೆ ನೀರಿಗೆ ಸಮ. ಹಿಂದಿನ ವರ್ಷ ಅವರ ಬೀದಿಯ ಹೆಂಗಸರೆಲ್ಲ ಸೇರಿ ರೈಲಿನಲ್ಲಿ ಕಾಶಿಗೆ ಹೊರಟಾಗ, "ಸೂಜಿ ಹಾಕ್ಕಳೋರ ಜವಾಬ್ದಾರಿ ನಮಗ್ಯಾಕಮ್ಮ" ಎಂದು ನಯವಾಗಿ ಇವಳನ್ನು ಬಿಟ್ಟು ಹೋಗಿದ್ದರು. ವಾಪಸು ಬಂದು ಗಂಗಾಜಲದ ಗಿಂಡಿ ಕೊಟ್ಟರು. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮನೆಯಲ್ಲಿಟ್ಟಳು. ಆಮೇಲೆ ಅಡುಗೆ ಮನೆಗೆ ಹೋಗಿ ಬಹಳ ಹೊತ್ತು ಈರುಳ್ಳಿ ಹೆಚ್ಚಿದಳು. ಅವತ್ತು ಮನೆಯಲ್ಲಿ ಈರುಳ್ಳಿ ಹಾಕಿದ ಅಡುಗೆ ಯಾವುದೂ ಇರಲಿಲ್ಲ.

ಭಾವ ಅದನ್ನು ನೋಡಿದ್ದರು. "ಫ್ರಿಜ್ಜು ನಿನ್ ಜೊತೇಲೇ ಬರ್ತದೆ ಕಣೇ. ಕರೆಂಟು ನಾನ್ ಕೊಡ್ತೀನಿ" ಅಂದರು. ಆ ಒಂದು ಮಾತಿಗಾಗಿ ನಾನು ಅವರ ಬೇರೆ ಎಷ್ಟೋ ಮಾತುಗಳನ್ನು ಸಹಿಸಿಕೊಂಡಿದ್ದೇನೆ.

ಸಹಿಸಿಕೊಳ್ಳುವುದು ಸುಲಭವಲ್ಲ. ನನಗೆ ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್ ಅಂಗಡಿ. ಕರೆಂಟ್ ಹೋದರೆ ನನ್ನ ಹೊಟ್ಟೆಪಾಡು ನಿಂತುಹೋಗುತ್ತದೆ. ಹೀಗಾಗಿ ಕರೆಂಟ್ ಇಲಾಖೆಯವರನ್ನು ಕಂಡರೆ ನನಗಾಗದು, ಅವರು ಸ್ವಂತ ಅಕ್ಕನ ಗಂಡನಾದರೂ ಸರಿಯೇ. ಭಾವ ಇಲಾಖೆಯಲ್ಲಿ ಕೊನೆಯ ವರ್ಷಗಳನ್ನು ಕಳೆದದ್ದು ಕಳ್ಳ ಕರೆಂಟ್ ಹಿಡಿಯುವ ಕೆಲಸದಲ್ಲಿ. ಜೀಪಿನಲ್ಲಿ ಹಳ್ಳಿಹಳ್ಳಿ ತಿರುಗಿ, ತಂತಿಗೆ ಕೊಕ್ಕೆ ಹಾಕಿ ಪಂಪ್‌ಸೆಟ್ ಓಡಿಸುವವರನ್ನು ಹಿಡಿದು, ಕೊಕ್ಕೆಯನ್ನು ಜೀಪಿಗೆ ಹಾಕಿಕೊಂಡು ಬರುತ್ತಿದ್ದರು. ಮದುವೆ ಮನೆಗೆ ಹೋದರೂ ಮೊದಲು ಸೀರಿಯಲ್ ಲೈಟಿನ ವೈರು ಎಲ್ಲಿಂದ ಬಂದಿದೆ ಎಂದು ಕತ್ತೆತ್ತಿ ನೋಡಿ, ಆಮೇಲೆ ವಧೂವರರನ್ನು ನೋಡುವ ಪೈಕಿ.

ಲಾರಿಯ ಕರೆಂಟ್ ಕೆಲಸಕ್ಕೆ ಸಿಕ್ಕಿದವನು ಸತ್ಯಮಂಗಲದ ಆಟೋ ಎಲೆಕ್ಟ್ರಿಷಿಯನ್ ಹನುಮಂತರಾಜು. ಬಾಯಿ ಜೋರು, ತಾನು ಮುಟ್ಟಿದ್ದೆಲ್ಲ ಸರಿ ಅನ್ನುವ ಆಸಾಮಿ. ಇಂಜಿನ್ ಸ್ಟಾರ್ಟ್ ಮಾಡಲು ಇರುವ ಬ್ಯಾಟರಿಯನ್ನು ಅದರ ಪಾಡಿಗೆ ಬಿಟ್ಟು, ಫ್ಯಾನು, ಲೈಟು, ಫ್ರಿಜ್ಜಿಗೆಂದು ಇನ್ನೊಂದು ದೊಡ್ಡ ಬ್ಯಾಟರಿಯನ್ನು ಮಂಚದ ಕೆಳಗೆ ಕೂರಿಸಿದ. ಮನೆಯ ಬ್ಯಾಟರಿ ಖಾಲಿಯಾದರೂ ಲಾರಿ ನಿಲ್ಲಬಾರದು ಅನ್ನುವುದು ಲೆಕ್ಕ. ಚಾವಣಿಯ ಮೇಲೆ ಬೆಂಗಳೂರಿನಿಂದ ತರಿಸಿದ ಸೋಲಾರ್ ಪ್ಯಾನೆಲ್. ಒಳಗೆ ದುಬೈಯಿಂದ ಯಾರೋ ತಂದುಕೊಟ್ಟ ಕಾರ್ ಫ್ರಿಜ್ಜು.

"ಸಾರ್, ಇಂಜಿನ್ ಕಡೆಯಿಂದ ಒಂದ್ ವೈರ್ ಎಳ್ದು ಈ ಬ್ಯಾಟರಿಗೂ ಕೊಟ್ಬುಡ್ತೀನಿ" ಅಂದ ಹನುಮಂತರಾಜು. "ಮಧ್ಯ ಒಂದು ರಿಲೇ. ಗಾಡಿ ಓಡ್ತಿರೋವಾಗ ಇದೂ ಚಾರ್ಜಾಗ್ತದೆ. ಗಾಡಿ ನಿಂತ್ರೆ ಕಟ್ಟಾಯ್ತದೆ. ಮೋಡ ಇದ್ರೂ ಚಿಂತೆ ಇಲ್ಲ."

ಭಾವನ ಮುಖ ಕೆಂಪಾಯಿತು. "ಇಂಜಿನ್ನಿಂದ್ದು ಇಂಜಿನ್ನಿಗೆ. ಮನೇದು ಮನೇಗೆ. ಅಲ್ಲಿಂದ ಇಲ್ಲಿಗೆ ಎಳ್ಯೋದಕ್ಕೆ ಏನಂತಾರೆ ಗೊತ್ತೇನಯ್ಯ? ಕೊಕ್ಕೆ ಅಂತಾರೆ!"

"ಸಾರ್, ಇಂಜಿನ್ನೂ ನಿಮ್ದೇ, ಮನೇನೂ ನಿಮ್ದೇ."

"ಹಂಗೇ ಎಲ್ರೂ ಅನ್ನೋದು. ಒಂದು ಕನೆಕ್ಷನ್ನಿಂದ ಇನ್ನೊಂದಕ್ಕೆ ಎಳುದ್ರೆ ಅದು ಕಳ್ಳತನವೇ. ನನ್ನ ಲಾರೀಲಿ ಅದು ನಡೆಯಾಕಿಲ್ಲ."

ತನ್ನ ಲಾರಿಯಿಂದ ತಾನೇ ಕದಿಯದಷ್ಟು ಪ್ರಾಮಾಣಿಕ ಮನುಷ್ಯನಿಗೆ ಏನು ಹೇಳುವುದು? ಹನುಮಂತರಾಜು ವೈರು ಸುತ್ತಿ ಒಳಗಿಟ್ಟ. ಹೀಗೆ ಅಕ್ಕನ ಕಾಶಿ ಪೂರ್ತಿಯಾಗಿ ಸೂರ್ಯನ ಮೇಲೆ ನಿಂತಿತು.

ಸೂರ್ಯನೇನೋ ಸರಿಯಾಗಿದ್ದ. ನಡುವೆ ಬಂದವನು ಬಸವಪ್ರಭು. ಇವನು ಭಾವನ ಚಿಕ್ಕಪ್ಪನ ಮೊಮ್ಮಗ, ಸಿ.ಎಸ್. ಪುರದ ಹತ್ತಿರ ಇರುವ ಒಂದು ಸಣ್ಣ ಮಠದ ಕಮಿಟಿಯಲ್ಲಿ ಕಾರ್ಯದರ್ಶಿ, ಜಿಲ್ಲಾ ಪಂಚಾಯ್ತಿ ಟಿಕೆಟ್ಟಿಗೆ ಹಗಲೂ ರಾತ್ರಿ ಓಡಾಡುತ್ತಿದ್ದ. ತುಮಕೂರಿನಲ್ಲಿ ಭಾವನ ಮನೆ ಮುಂದೆ ಸೋಲಾರ್ ಹೊತ್ತ ಲಾರಿ ಕಂಡ ಕೂಡಲೇ ಅವನ ಕಣ್ಣು ಅರಳಿತು. "ದೊಡ್ಡಪ್ಪ, ಇದನ್ನ ಸುಮ್ನೆ ಓಡ್ಸಬಾರ್ದು. ನಮ್ಮ ಮಠದ ಬುದ್ಧಿಯವ್ರ ಕೈಲಿ ಉದ್ಘಾಟನೆ ಮಾಡಿಸ್ಬೇಕು. ಜಿಲ್ಲೇಲೇ ಮೊದಲ್ನೇ ಸೌರಶಕ್ತಿ ಯಾತ್ರಾ ರಥ!"

ಉದ್ಘಾಟನೆ ನಡೆದೇಹೋಯಿತು. ಶಾಮಿಯಾನ, ಮೈಕು, ಉಪ್ಪಿಟ್ಟು. ಲಾರಿಯ ಪಕ್ಕಕ್ಕೆ ಒಂದು ಬ್ಯಾನರು. ಅದರಲ್ಲಿ ವಿಶ್ವನಾಥನಿಗಿಂತ ಬಸವಪ್ರಭುವಿನ ಮುಖವೇ ದೊಡ್ಡದು. ಮಠದ ಸ್ವಾಮಿಗಳು ವಯಸ್ಸಾದವರು, ಮೆತ್ತಗಿನ ಮನುಷ್ಯ. ಅವರು ಸ್ವಿಚ್ ಒತ್ತಿ ಹೋಗಲು ಬಂದಿದ್ದರು. ಆದರೆ ಸ್ವಿಚ್ ಲಾರಿಯ ಒಳಗೆ ಮೂಲೆಯಲ್ಲಿತ್ತು, ಫೋಟೋಗೆ ಜಾಗವಿರಲಿಲ್ಲ. "ಪ್ಯಾನೆಲ್ಲಿಗೇ ವಿಭೂತಿ ಧಾರಣೆ ಆಗ್ಲಿ ಬುದ್ಧಿ" ಅಂದ ಬಸವಪ್ರಭು. ಗಟ್ಟಿ ವಿಭೂತಿಯನ್ನು ಬಟ್ಟಲಲ್ಲಿ ಕಲಸಿ ಮೊದಲೇ ತಂದಿದ್ದ. ಓಡುವ ಗಾಡಿಯಲ್ಲಿ ಗಾಳಿಗೆ ಉದುರದಿರಲಿ, ಫೋಟೋದಲ್ಲಿ ಬೆಳ್ಳಗೆ ಕಾಣಲಿ ಎಂದು ಅದಕ್ಕೆ ಗೋಂದು ಬೆರೆಸಿದ್ದ. ಸ್ವಾಮಿಗಳನ್ನು ಏಣಿ ಹತ್ತಿಸಿ, ನಾಲ್ಕು ಜನ ಹಿಡಿದುಕೊಂಡು, ಕಪ್ಪು ಗಾಜಿನ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳು ವಿಭೂತಿ ಎಳೆಸಿದರು. ಜಯಘೋಷ ಆಯಿತು. ಫೋಟೋ ಮಾರನೇ ದಿನ ಪೇಪರಿನಲ್ಲಿ ಬಂತು.

ಆ ದಿನದಿಂದ ಬ್ಯಾಟರಿ ಚಾರ್ಜ್ ಆಗಲಿಲ್ಲ.

ಪ್ಯಾನೆಲ್ಲಿನಿಂದ ಬರುವ ಕರೆಂಟು ತೋರಿಸುವ ಮೀಟರಿನ ಮುಳ್ಳು ಮೊದಲು ಲವಲವಿಕೆಯಿಂದ ಮೇಲೇರುತ್ತಿದ್ದದ್ದು, ಈಗ ಮಧ್ಯಾಹ್ನದ ಬಿಸಿಲಲ್ಲೂ ಊಟ ಮಾಡಿ ಮಲಗಿದವರ ಹಾಗೆ ಬುಡದಲ್ಲೇ ಬಿದ್ದಿರುತ್ತಿತ್ತು. ಫ್ರಿಜ್ಜು ಸ್ವಲ್ಪ ಹೊತ್ತು ಗುಂಯ್ ಅಂದು ಸುಮ್ಮನಾಗುತ್ತಿತ್ತು. ಅಕ್ಕ ಒಳಗೆ ಒಂದು ಲೋಟ ನೀರಿಟ್ಟು, ಮತ್ತೆ ಮತ್ತೆ ಬೆರಳದ್ದಿ ನೋಡಿ, ಬಾಗಿಲು ಮುಚ್ಚುತ್ತಿದ್ದಳು.

ಹನುಮಂತರಾಜು ಬಂದ. ಬ್ಯಾಟರಿಗೆ ಹಾಕಿದ ನೀರು ಸರಿಯಿಲ್ಲ ಅಂದ. ನೀರು ಬದಲಾಯಿಸಿದ. ವೈರು ತೆಳುವಾಯಿತು ಅಂದ. ದಪ್ಪ ವೈರು ಎಳೆದ. ಆಮೇಲೆ ಬೆಂಗಳೂರಿನವರು ಹಳೇ ಪ್ಯಾನೆಲ್ ಕೊಟ್ಟು ಟೋಪಿ ಹಾಕಿದ್ದಾರೆ ಅಂದ. ಬಸವಪ್ರಭು ಅವನ ಮೇಲೆ ಭರವಸೆ ಕಳೆದುಕೊಂಡು ಒಬ್ಬ ವಾಸ್ತು ಪಂಡಿತರನ್ನು ಕರೆತಂದ. ಅವರು ಲಾರಿಯನ್ನು ಒಂದು ಸುತ್ತು ಹಾಕಿ, ದಿಕ್ಸೂಚಿ ಹಿಡಿದು, "ಅಗ್ನಿ ತತ್ವ ಆಗ್ನೇಯದಲ್ಲಿರಬೇಕು, ನಿಮ್ಮ ಬ್ಯಾಟರಿ ವಾಯವ್ಯದಲ್ಲಿದೆ" ಎಂದು ತೀರ್ಪು ಕೊಟ್ಟರು.

"ಸ್ವಾಮಿ, ಇದು ಲಾರಿ" ಅಂದೆ ನಾನು. "ತಿರುಗಿಸಿ ನಿಲ್ಸಿದ್ರೆ ಆಗ್ನೇಯಕ್ಕೆ ಬರ್ತದಲ್ಲ?"

"ಅದೇ ಪರಿಹಾರ" ಅಂದರು ಪಂಡಿತರು ಗಂಭೀರವಾಗಿ. ಲಾರಿಯನ್ನು ತಿರುಗಿಸಿ ನಿಲ್ಲಿಸಿದೆವು. ಎದುರು ಮನೆಯ ಸರ್ವಮಂಗಳಮ್ಮನವರ ಗೇಟು ತೆಗೆಯಲಾಗದೆ ಅವರು ಬೈದದ್ದು ಬಿಟ್ಟರೆ ಬೇರೆ ಫಲ ಕಾಣಲಿಲ್ಲ.

ನಿಜವಾದ ಕಾರಣ ಕಂಡುಹಿಡಿದದ್ದು ಭಾವನೇ. ಒಂದು ಮಧ್ಯಾಹ್ನ ನಾನು ಹೋದಾಗ ಅವರು ಏಣಿಯ ಮೇಲೆ ನಿಂತು, ಪ್ಯಾನೆಲ್ಲಿನ ಒಂದು ಸಾಲಿಗೆ ಟವೆಲ್ ಅಡ್ಡ ಹಿಡಿಯುವುದು, ತೆಗೆಯುವುದು ಮಾಡುತ್ತಿದ್ದರು. ನನ್ನನ್ನು ಕೆಳಗೆ ಮೀಟರು ನೋಡಲು ನಿಲ್ಲಿಸಿದರು. ಟವೆಲ್ ಅಡ್ಡ ಬಂದಾಗಲೆಲ್ಲ ಇದ್ದಬದ್ದ ಮುಳ್ಳೂ ಬೀಳುತ್ತಿತ್ತು. ಇಳಿದು ಬಂದು, ಸುತ್ತಮುತ್ತ ನೋಡಿ, ನನ್ನ ಕಿವಿಯಲ್ಲಿ ಹೇಳಿದರು.

"ಮಾಲಿಂಗ, ವಿಭೂತಿ ಕಣೋ."

"ಏನ್ ಭಾವ?"

"ಆ ಗಾಜಿನ ಬಿಲ್ಲೆಗಳೆಲ್ಲ ಒಂದರ ಬಾಲಕ್ಕೆ ಒಂದು ಕಟ್ಟಿರ್ತಾರೆ. ಒಂದರ ಮೇಲೆ ನೆರಳು ಬಿದ್ರೆ ಎಲ್ಲಾದ್ರದ್ದೂ ಕರೆಂಟು ಅಲ್ಲೇ ನಿಲ್ತದೆ. ಬುದ್ಧಿಯವರು ಮೂರು ಸಾಲು ಎಳ್ದವ್ರೆ. ಮೂರು ಕಡೆ ತಡೆ."

"ಒರೆಸ್ಬುಡಿ ಮತ್ತೆ."

ಭಾವ ನನ್ನ ಬಾಯಿ ಮುಚ್ಚಿದರು. "ತಲೆ ನೆಟ್ಟಗೈತೇನ್ಲಾ? ಬುದ್ಧಿಯವ್ರು ಕೈಯಾರೆ ಹಚ್ಚಿರೋ ವಿಭೂತಿ. ಪೇಪರ್ನಲ್ಲಿ ಬಂದೈತೆ. ಪ್ರಭುಗೆ ಗೊತ್ತಾದ್ರೆ ಊರೆಲ್ಲ ಸಾರ್ತಾನೆ. ಹೋಗ್ಲಿ, ನಿಮ್ಮಕ್ಕಂಗೆ ಗೊತ್ತಾದ್ರೆ? ಸೋಮವಾರ ಒಂದು ಹನಿ ನೀರು ಕುಡಿಯದವ್ಳು. ಆ ಜೀವ ನೊಂದ್ಕೊಳ್ಳಾಕಿಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ಏಣಿ ಹತ್ತಿ ಒರೆಸಿಬಿಡಬಹುದಿತ್ತು. ಹತ್ತಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವನು ನಾನೂ ಹೌದಲ್ಲ. ಹನುಮಂತರಾಜುವಿಗೆ ಹೇಳಿದರೆ ಅವನು ಕೈಮುಗಿದುಬಿಟ್ಟ: "ಸಾರ್, ವೈರ್ ಕೆಲ್ಸ ಏನಿದ್ರೂ ಹೇಳಿ. ಇದು ನನ್ನ ಲೈನಲ್ಲ." ಅಕ್ಕನ ಮನಸ್ಸು ನೋಯಬಾರದೆಂದು ನಾವು ಗಂಡಸರೆಲ್ಲ ಸೇರಿ ಅಕ್ಕನ ಕಾಶಿಯನ್ನೇ ಕೈಬಿಡುವ ಹಂತಕ್ಕೆ ಬಂದೆವು. ಶಿವರಾತ್ರಿ ಹತ್ತಿರವಾಗುತ್ತಿತ್ತು.

ಕೊನೆಗೆ ಭಾವನೇ ಒಂದು ದಾರಿ ಹುಡುಕಿದರು. ಗುಬ್ಬಿ, ಸಿ.ಎಸ್. ಪುರ, ಕುಣಿಗಲ್ ಸುತ್ತಿಕೊಂಡು ಒಂದು ದಿನದ ಟ್ರಯಲ್ ಹೋಗುವುದು. ದಾರಿಯಲ್ಲಿ ಮಠಕ್ಕೆ ಹೋಗಿ, ಸ್ವಾಮಿಗಳ ಹತ್ತಿರವೇ ವಿಷಯ ಹೇಳಿ ಒರೆಸಲು ಅಪ್ಪಣೆ ಕೇಳುವುದು. ಒಳ್ಳೆಯ ಉಪಾಯ ಅನ್ನಿಸಿತು. ನಾನು ಹಿಂದೆ ಮೆಟಡಾರ್ ಓಡಿಸುತ್ತಿದ್ದವನು, ಗುಬ್ಬಿ ತನಕ ಭಾವ ಓಡಿಸಿಕೊಂಡು ಬಂದರು, ಅಲ್ಲಿಂದ ಸ್ಟೀರಿಂಗ್ ನನ್ನ ಪಾಲಿಗೆ ಬಂತು. ಸಂಜೆಗೆ ವಾಪಸಲ್ಲವೇ ಎಂದು ಲುಂಗಿ, ಹವಾಯಿ ಚಪ್ಪಲಿಯಲ್ಲೇ ಗುಬ್ಬಿಯಲ್ಲಿ ಲಾರಿ ಹತ್ತಿದೆ. ಅಂಗಡಿಯ ಬಾಗಿಲಿಗೆ "ಈಗ ಬರುತ್ತೇನೆ" ಎಂದು ಚೀಟಿ ಅಂಟಿಸಿದೆ. ಅಕ್ಕ ಹಿಂದುಗಡೆ ಮಂಚದ ಮೇಲೆ ಕಿಟಕಿಗೆ ಒರಗಿ ಕೂತಿದ್ದಳು. ಅವಳ ಕಾಲಬಳಿ ಒಂದು ಟ್ರಂಕು ಇತ್ತು. ಅಡುಗೆ ಸಾಮಾನು ಇರಬೇಕೆಂದುಕೊಂಡೆ.

ಮಠದಲ್ಲಿ ಅವತ್ತು ದಾಸೋಹ. ಜನ ಗಿಜಿಗುಡುತ್ತಿದ್ದರು. ಬಸವಪ್ರಭು ಬಿಳಿ ಪಂಚೆಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಬಡಿಸುತ್ತಿದ್ದ. ಅಕ್ಕ ನಮಸ್ಕಾರ ಮಾಡಿ ಪ್ರಸಾದಕ್ಕೆ ಹೋದಳು. ಸ್ವಾಮಿಗಳು ಭಾವನನ್ನು ಗುರುತಿಸಿ ಹತ್ತಿರ ಕರೆದರು.

"ಲಾರಿ ಚೆನ್ನಾಗಿದೆಯೇನಪ್ಪ? ಕಾಶಿಗೆ ಯಾವಾಗ?"

"ತಮ್ಮ ಆಶೀರ್ವಾದ ಬುದ್ಧಿ" ಎಂದು ಭಾವ ಕೈಮುಗಿದರು. "ಆ ವಿಭೂತಿ ವಿಷ್ಯ ಬುದ್ಧಿ... ಪ್ಯಾನೆಲ್ ಮೇಲಿಂದು... ಸ್ವಲ್ಪ..."

"ಮಾಸಿದೆಯಾ?" ಅಂದರು ಸ್ವಾಮಿಗಳು ಕಾಳಜಿಯಿಂದ.

ಸುತ್ತ ಇದ್ದ ಜನರೆಲ್ಲ ಭಾವನ ಮುಖ ನೋಡಿದರು. ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ. ಜೀಪಿನಲ್ಲಿ ಹೋಗಿ ಎಂತೆಂಥ ಗೌಡರ ಕೊಕ್ಕೆ ಕಿತ್ತು ತಂದ ಮನುಷ್ಯ, ಬಾಯಿ ತೆರೆದು, ಮುಚ್ಚಿ, "ಹೌದು ಬುದ್ಧಿ" ಅಂದುಬಿಟ್ಟರು.

ಮುಂದಿನದು ಕ್ಷಣದಲ್ಲಿ ನಡೆಯಿತು. ಬಸವಪ್ರಭು ಬಡಿಸುವ ಸೌಟು ಬಿಟ್ಟು ಓಡಿದ. ಬಟ್ಟಲು ಬಂತು, ಗೋಂದಿನ ಬಾಟಲಿ ಬಂತು, ಏಣಿ ಬಂತು. ಸ್ವಾಮಿಗಳಿಗೆ ಶ್ರಮವಾಗಬಾರದೆಂದು ಅವರಿಂದ ಬಟ್ಟಲು ಮುಟ್ಟಿಸಿ, ತಾನೇ ಮೇಲೆ ಹತ್ತಿ ಹಳೆಯದರ ಮೇಲೆ ಇನ್ನೊಂದು ವರಸೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಎಳೆದ. ನಡುವೆ ಅಂಗೈಯಗಲ ಕುಂಕುಮ. ಅಪ್ಪಣೆ ಕೇಳಲು ಹೋದವರು ದಪ್ಪ ಮಾಡಿಸಿಕೊಂಡು ಬಂದೆವು.

ಕುಣಿಗಲ್ ಕೆರೆಯ ಏರಿ ಹತ್ತಿರ ಮರದ ನೆರಳು ಬಿಟ್ಟು, ಪ್ಯಾನೆಲ್ಲಿಗೆ ಬಿಸಿಲು ಬೀಳುವ ಹಾಗೆ ಲಾರಿ ನಿಲ್ಲಿಸಿದೆ. ಮುಳ್ಳು ಅಲುಗಲಿಲ್ಲ. ಫ್ರಿಜ್ಜು ಸತ್ತಿತ್ತು. ಬಾಗಿಲು ತೆಗೆದರೆ ಒಳಗಿನ ಲೋಟದ ನೀರು ಸ್ನಾನಕ್ಕೆ ಬೆರೆಸಬಹುದಾದಷ್ಟು ಬೆಚ್ಚಗಿತ್ತು.

ಭಾವ ಕೆಳಗಿಳಿದು, ಒಂದು ಕಲ್ಲಿನ ಮೇಲೆ ಕೂತರು. "ರುದ್ರಾ, ಈ ವರ್ಷ ಆಗಾಕಿಲ್ಲ ಬುಡು. ಬರೋ ವರ್ಷ ನೋಡಾನ."

ಅಕ್ಕ ಲಾರಿಯ ಬಾಗಿಲಲ್ಲಿ ನಿಂತಿದ್ದಳು. "ಬರೋ ವರ್ಷ ನನ್ ಕಣ್ಣು ಕಾಣ್ತವೋ ಇಲ್ವೋ. ಡಾಕ್ಟ್ರು ಏನಂದ್ರು ನಿಮಗೆ ಗೊತ್ತಲ್ಲ" ಅಂದಳು. ದನಿ ಎತ್ತರಿಸಲಿಲ್ಲ.

ಭಾವ ತಲೆ ಎತ್ತಲಿಲ್ಲ. ಆ ವಿಷಯ ನನಗೆ ಹೊಸದು. ಸಕ್ಕರೆ ಕಣ್ಣಿಗೆ ಇಳಿಯುತ್ತಿದೆ ಎಂದು ಗಂಡ ಹೆಂಡತಿ ಇಬ್ಬರೇ ಇಟ್ಟುಕೊಂಡಿದ್ದ ಮಾತು ಅದು. ನಾನು ಇಷ್ಟು ದಿನ ಅದುಮಿಟ್ಟ ಸಿಟ್ಟು ಒಮ್ಮೆಲೇ ಹೊರಬಂತು.

"ಫ್ರಿಜ್ಜು ಕೆಟ್ಟಿಲ್ಲ ಕಣಕ್ಕ!" ಎಂದು ಕೂಗಿದೆ. "ಬ್ಯಾಟರೀನೂ ಕೆಟ್ಟಿಲ್ಲ. ಮೇಲೆ ಬಳಿದವ್ರಲ್ಲ ವಿಭೂತಿ, ಅದು ಬಿಸಿಲು ತಡೀತೈತೆ. ನಿಮ್ಮೆಜಮಾನ್ರಿಗೆ ಯಾವತ್ತೋ ಗೊತ್ತಾಗೈತೆ. ಒರೆಸಕ್ಕೆ ಧೈರ್ಯ ಇಲ್ಲ. ನಿನಗೆ ಬೇಜಾರಾಯ್ತದಂತೆ!"

ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಕ್ಕ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು, ಒಮ್ಮೆ ಲಾರಿಯ ನೆತ್ತಿಯನ್ನು ನೋಡಿದಳು.

"ಅಷ್ಟೇನಾ?" ಅಂದಳು. "ಲಾರಿ ಪಕ್ಕ ಕಟ್ಟಿರೋ ಏಣಿ ಇಳ್ಸು."

"ಅಕ್ಕಾ, ನೀನ್ ಹತ್ತಬ್ಯಾಡ."

"ನೀವ್ಯಾರೂ ಹತ್ತಲ್ವಲ್ಲ. ಇಳ್ಸೋ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ನೀರಿನ ಚೊಂಬು, ಹೆಗಲ ಮೇಲೆ ಮಡಿ ಟವೆಲ್ಲು. ಮಂಡಿ ನೋವಿನ ಹೆಂಗಸು ಒಂದೊಂದೇ ಮೆಟ್ಟಿಲಿಗೆ "ಶಿವಾ" ಅನ್ನುತ್ತ ಹತ್ತಿದಳು. ನಾನು ಏಣಿ ಹಿಡಿದುಕೊಂಡೆ. ಭಾವ ಓಡಿಬಂದು ಇನ್ನೊಂದು ಕಡೆ ಹಿಡಿದುಕೊಂಡರು. ಮೇಲಿನಿಂದ ಬಿಳಿ ನೀರು ನಮ್ಮಿಬ್ಬರ ತಲೆಯ ಮೇಲೂ ಇಳಿಯಿತು. ಅಕ್ಕ ಪಂಚಾಕ್ಷರಿ ಹೇಳಿಕೊಳ್ಳುತ್ತ, ಕೂಸಿನ ಮೈ ತೊಳೆಯುವ ಹಾಗೆ, ಮೂಲೆ ಮೂಲೆ ತಿಕ್ಕಿ ತೊಳೆದಳು. ತೊಳೆದ ವಿಭೂತಿಯಲ್ಲಿ ಮೂರು ಬೆರಳದ್ದಿ ತನ್ನ ಹಣೆಗೆ ಎಳೆದುಕೊಂಡಳು. ಇಳಿದು ಬಂದು ಭಾವನ ಹಣೆಗೂ, ನನ್ನ ಹಣೆಗೂ ಎಳೆದಳು.

"ಹಣೆಗೆ ಹಚ್ಕೋಳೋದ್ನ ತಗೊಂಡೋಗಿ ಗಾಜಿಗೆ ಹಚ್ಚವ್ರೆ" ಅಂದಳು. "ನನಗೆ ಬೇಜಾರು ಅದಕ್ಕಲ್ಲ. ಇಷ್ಟು ವರ್ಷ ಸಂಸಾರ ಮಾಡಿ, ನನ್ನ ಶಿವ ಇಷ್ಟಕ್ಕೆಲ್ಲ ಮುನಿಸ್ಕೊಳ್ಳೋನು ಅಂದ್ಕೊಂಡ್ರಲ್ಲ ನೀವು."

ಭಾವ ಲಾರಿಯ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕೂಗಿದರು: "ಮಾಲಿಂಗಾ, ಮುಳ್ಳು! ಮುಳ್ಳು ನೋಡ್ಲಾ!" ಮುಳ್ಳು ಮೇಲೆ ನಿಂತಿತ್ತು. ಅವರ ಕಣ್ಣಲ್ಲಿ ನೀರಿತ್ತು. ಗೋಂದು ಬೆರೆತ ವಿಭೂತಿ ಕಣ್ಣಿಗೆ ಹೋಗಿದೆ ಅಂದರು. ಆಗಲಿ ಅಂದುಕೊಂಡೆ.

ಉಂಡು, ಲಾರಿ ಹೊರಡಿಸಿದೆ. "ಸಂಜೆಯೊಳಗೆ ಮನೆ ಸೇರ್ಬೋದು" ಅಂದೆ.

"ಯಾರ್ ಮನೆ?" ಅಂದಳು ಅಕ್ಕ ಕ್ಯಾಬಿನ್ನಿನ ಹಿಂದಿನ ಕಿಂಡಿಯಿಂದ. "ಬೀಗದ ಕೈ ಸರ್ವಮಂಗಳಮ್ಮನ ಹತ್ರ ಕೊಟ್ಟು ಬಂದಿವ್ನಿ. ಹಾಲಿನವನಿಗೂ ಹೇಳಿದೀನಿ."

"ಏನಕ್ಕ ಹಂಗಂದ್ರೆ?"

"ಟ್ರಯಲ್ಲು ನಿಮಗೆ. ನಾನು ಕಾಶಿಗೆ ಅಂತಲೇ ಹೊರಟಿದ್ದು. ಇವತ್ತು ಮನೆಗೆ ವಾಪಸ್ ಹೋದ್ರೆ ನೀವಿಬ್ರೂ ನನ್ನ ಮತ್ತೆ ಹೊರಡ್ಸಾಕಿಲ್ಲ ಅಂತ ನನಗ್ ಗೊತ್ತಿಲ್ವಾ?" ಕಾಲಬಳಿಯ ಟ್ರಂಕಿನ ಮುಚ್ಚಳ ತೆಗೆದು ತೋರಿಸಿದಳು. ಸೀರೆ, ಸ್ವೆಟರು, ಭಾವನ ಪಂಚೆ, ಚಟ್ನಿಪುಡಿ, ಮೇಲೆ ಒಂದು ಫ್ಲಾಸ್ಕು. "ಇನ್ಸುಲಿನ್ನು ಇದರಲ್ಲಿ ಐಸ್ ಹಾಕಿ ಇಟ್ಟಿದೀನಿ. ಸಂಜೆಗಂಟ ತಡೀತದೆ. ಅಷ್ಟ್ರೊಳಗೆ ನಿಮ್ಮ ಫ್ರಿಜ್ಜು ತಣ್ಣಗಾಗ್ಬೇಕು, ಆಮೇಲೆ ಹಂಗೇ ತಣ್ಣಗಿರ್ಬೇಕು. ಅದೇನ್ ಮಾಡ್ತೀರೋ ಮಾಡಿ."

ನಾನು ಭಾವನ ಮುಖ ನೋಡಿದೆ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಬಿಸಿಲು ಆಗಲೇ ಓರೆಯಾಗುತ್ತಿತ್ತು. ಉಳಿದಿರುವ ಇಷ್ಟು ಬಿಸಿಲಿನಲ್ಲಿ ಅದು ರಾತ್ರಿಯಿಡೀ ಫ್ರಿಜ್ಜು ಓಡಿಸುವಷ್ಟು ತುಂಬುವುದಿಲ್ಲ ಅನ್ನುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ತುಮಕೂರಿನ ತನಕ ಅವರು ಕಿಟಕಿಯ ಆಚೆ ಓಡುವ ಕರೆಂಟ್ ಕಂಬಗಳನ್ನೇ ನೋಡುತ್ತಿದ್ದರು. ನಾನು ಮನೆಯ ರಸ್ತೆಗೆ ತಿರುಗಿಸಲು ಇಂಡಿಕೇಟರ್ ಹಾಕಿದಾಗ, "ಸತ್ಯಮಂಗಲಕ್ಕೆ ಹೊಡಿ" ಅಂದರು.

ಹನುಮಂತರಾಜು ಅಂಗಡಿ ಮುಂದೆ ಯಾವುದೋ ಟ್ರ್ಯಾಕ್ಟರಿನ ಹಾರ್ನ್ ರಿಪೇರಿ ಮಾಡುತ್ತಿದ್ದ. ಭಾವ ಇಳಿದು ಅವನ ಮುಂದೆ ನಿಂತರು. ಎಷ್ಟೋ ವರ್ಷ ಹಿಡಿದ ಕಳ್ಳರೆಲ್ಲ ಅವರ ಮುಂದೆ ಹೀಗೇ ನಿಂತಿರಬೇಕು: ಕಣ್ಣು ನೆಲದಲ್ಲಿ, ಕೈ ಹಿಂದೆ.

"ಆ ವೈರ್ ಸುತ್ತಿ ಇಟ್ಟಿದ್ಯಲ್ಲ" ಅಂದರು ಮೆಲ್ಲಗೆ. "ಇಂಜಿನ್ನಿಂದ ಎಳ್ದು ಬ್ಯಾಟರಿಗೆ ಒಂದು ಕೊಕ್ಕೆ ಹಾಕ್ಬುಡಪ್ಪ."

ಹನುಮಂತರಾಜುವಿಗೆ ನಗು ತಡೆಯಲಾಗಲಿಲ್ಲ. "ಸಾರ್, ಮತ್ತೆ ಹಿಡಿಯೋರು ಬಂದ್ರೆ?"

ಭಾವ ಲಾರಿಯ ಕಿಟಕಿ ಕಡೆ ನೋಡಿದರು. ಅಲ್ಲಿ ಅಕ್ಕ ಹಣೆಯ ಮೇಲೆ ಬಿರುಕು ಬಿಟ್ಟ ವಿಭೂತಿಯೊಂದಿಗೆ, ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದಳು.

"ಬಂದ್ರೆ ನನ್ನ ಹೆಸ್ರು ಹೇಳು" ಅಂದರು. "ಕಳ್ಳ ನಾನೇ ಅನ್ನು. ಬೇಗ ಹಾಕಯ್ಯ, ಐಸು ಕರಗ್ತಾ ಐತೆ."